ಕನ್ನಡಿಯವರು ಹಚ್ಚಿಕೊಂಡದ್ದು

ಕನ್ನಡಿ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯನಿಗೆ ತನ್ನ ಮುಖ ಹೇಗಿದೆಯೆಂದೇ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೂ ನಂಬಬೇಕು. ಬೀದಿಯವರೆಲ್ಲ 'ಕನ್ನಡಿಯವರು' ಎಂದೇ ಕರೆಯುತ್ತಿದ್ದ ಈ ಮಹಾಶಯರು ಬೆಳಗಿನಿಂದ ಸಂಜೆಯವರೆಗೆ ನಿಲುವುಗನ್ನಡಿ, ಗೋಡೆಗನ್ನಡಿ, ಬಚ್ಚಲುಮನೆಯ ಕನ್ನಡಿಗಳ ನಡುವೆಯೇ ಓಡಾಡುತ್ತಿದ್ದರು. ಅವರು ನೋಡುತ್ತಿದ್ದುದು ಗಾಜಿನ ಅಂಚು ಸರಿಯಾಗಿ ಉಜ್ಜಿದೆಯೇ, ಮೂಲೆಯಲ್ಲಿ ಬಿರುಕು ಬಿಟ್ಟಿದೆಯೇ, ಹಿಂದಿನ ಬಣ್ಣ ಕಿತ್ತಿದೆಯೇ ಎಂಬುದನ್ನು ಮಾತ್ರ. ನಡುವೆ ಒಬ್ಬ ಮನುಷ್ಯ ಆಚೆ ಈಚೆ ಹೋಗುತ್ತಿರುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಯಾರೋ ಗಿರಾಕಿ ಎಂದುಕೊಂಡಿರಬೇಕು.

ಅವನು ಕಣ್ಣಿಗೆ ಬೀಳುವಂತೆ ಮಾಡಿದವಳು ಕನ್ನಡಕದ ಅಂಗಡಿಯವಳು. ಹೆಂಡತಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿದೆಯೆಂದು ಇಬ್ಬರೂ ಹೋಗಿದ್ದರು. ಹೆಂಡತಿಯ ಆಯ್ಕೆ ಮುಗಿದ ಮೇಲೆ ಆ ಹೆಂಗಸು ಬಹಳ ವಿನಯದಿಂದ, "ಮೇಡಂ, ನಿಮ್ಮ ತಂದೆಯವರಿಗೂ ಒಂದು ತೋರಿಸ್ಲಾ? ಹಿರಿಯರಿಗೆ ಈ ತಿಂಗಳು ರಿಯಾಯಿತಿ ಇದೆ" ಎಂದಳು. ಹೆಂಡತಿ ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣ ನಗಲು ಶುರುಮಾಡಿದಳು. ಎಂಥ ನಗು ಎಂದರೆ ಮೇಜು ಹಿಡಿದುಕೊಳ್ಳಬೇಕಾಯಿತು. "ಬೇಡ ಬಿಡಮ್ಮ, ನಮ್ಮ ತಂದೆಯವರಿಗೆ ಎಲ್ಲಾ ಚೆನ್ನಾಗಿ ಕಾಣ್ಸುತ್ತೆ" ಎಂದು ಬೇರೆ ಸೇರಿಸಿದಳು. ಕನ್ನಡಿಯವರೂ ನಕ್ಕರು. ಗಂಡ ಹೆಂಡತಿಯ ವಯಸ್ಸಿನ ಅಂತರ ಬರೀ ನಾಲ್ಕು ವರ್ಷ.

ಮರುದಿನ ಅಂಗಡಿ ತೆರೆದ ಕೂಡಲೇ ಅವರು ಬಾಗಿಲ ಬಳಿಯ ನಿಲುವುಗನ್ನಡಿಯ ಮುಂದೆ ನಿಂತರು. ಹೊಸಬನೊಬ್ಬನನ್ನು ಪರಿಚಯ ಮಾಡಿಕೊಂಡಂತಾಯಿತು. ಬಿಸಿಲಿಗೆ ಕಪ್ಪಿಟ್ಟ ಕೆನ್ನೆ, ಮೂಗಿನ ಇಕ್ಕೆಲದಲ್ಲಿ ಗೆರೆ, ಹಣೆಯ ಮೇಲೆ ಮಂಕು. ಸಂಜೆ ಮನೆಗೆ ಹೋಗುವ ಬದಲು ನೆಟ್ಟಗೆ ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಗೆ ಹೋಗಿ, ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಕೆಮ್ಮಿನ ಔಷಧಿಗಳನ್ನು ಓದುತ್ತ ನಿಂತು, ಕೊನೆಗೆ ಮೆಲ್ಲಗೆ ಕೇಳಿದರು.

"ಮುಖ ಸ್ವಲ್ಪ ಬೆಳ್ಳಗಾಗೋದು ಏನಾದ್ರೂ ಇದ್ಯಾ? ನಮ್ಮಕ್ಕನ ಮಗಳು ಕೇಳಿದ್ಳು."

ಅಂಗಡಿಯವನು ಅಕ್ಕನ ಮಗಳ ಮುಖವನ್ನು, ಅಂದರೆ ಕನ್ನಡಿಯವರ ಮುಖವನ್ನು, ಒಮ್ಮೆ ಚೆನ್ನಾಗಿ ನೋಡಿ ಒಂದು ಟ್ಯೂಬು ತೆಗೆದುಕೊಟ್ಟ. "ರಾತ್ರಿ ಮಲಗೋವಾಗ ಹಚ್ಕೊಳ್ಳೋಕೆ ಹೇಳಿ. ಎಲ್ಲರೂ ಇದನ್ನೇ ಹಚ್ಕೊಳ್ತಾರೆ" ಎಂದ.

ಮೊದಲ ಕೆಲವು ವಾರ ಅವರ ಬಾಳಿನ ಸುವರ್ಣಯುಗ. ಮುಖ ನುಣ್ಣಗಾಯಿತು, ಹೊಳೆಯಿತು. ಹೆಂಡತಿಯೇ ಒಂದು ದಿನ, "ಏನ್ರೀ, ಮುಖದಲ್ಲಿ ಕಳೆ ಬಂದಿದೆ" ಎಂದಳು. ಕನ್ನಡಿಯವರು "ಹೌದಾ? ನಿದ್ದೆ ಚೆನ್ನಾಗಿ ಆಗ್ತಿದೆ" ಎಂದು ಹಸಿ ಸುಳ್ಳು ಹೇಳಿದರು. ಟ್ಯೂಬು ಬೂಟ್ ಪಾಲಿಶಿನ ಡಬ್ಬದಲ್ಲಿತ್ತು. ಆ ಮನೆಯಲ್ಲಿ ಅದನ್ನು ತೆರೆಯುತ್ತಿದ್ದವರು ಅವರೊಬ್ಬರೇ.

ಆಮೇಲೆ ಕೆಂಪು ಶುರುವಾಯಿತು. ಮೊದಲು ಬಿಸಿಲಿಗೆ ಹೋದರೆ ಕೆಂಪು, ಆಮೇಲೆ ಬಿಸಿ ಚಹಾ ಕುಡಿದರೆ ಕೆಂಪು, ಕೊನೆಗೆ ಯಾರಾದರೂ "ಏನು ಸಮಾಚಾರ" ಎಂದರೂ ಕೆಂಪು. ಬಾಯಿಯ ಸುತ್ತ, ಮೂಗಿನ ಪಕ್ಕ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಈ ಕೆಂಪಿನ ಒಂದು ದುರ್ಗುಣವೆಂದರೆ, ನಾಚಿಕೆಯಾದರೆ ಅದು ಹೆಚ್ಚುತ್ತಿತ್ತು. ಹೆಚ್ಚಿದ್ದನ್ನು ಯಾರಾದರೂ ನೋಡಿದರೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಹೀಗೆ ಕನ್ನಡಿಯವರು ನಿಂತ ನಿಲುವಿನಲ್ಲೇ ಕಾದ ಹೆಂಚಾಗುತ್ತಿದ್ದರು. ಗಾಬರಿಯಿಂದ ನಿಂಬೆಹಣ್ಣು ತಿಕ್ಕಿದರು, ಟೂತ್‌ಪೇಸ್ಟ್ ಬಳಿದರು, ಬಿಸಿನೀರಿನ ಪಾತ್ರೆಗೆ ಮುಖವೊಡ್ಡಿ ಟವೆಲು ಹೊದ್ದು ಕೂತರು. ಪ್ರತಿಯೊಂದಕ್ಕೂ ಮುಖ ತನ್ನ ಅಭಿಪ್ರಾಯವನ್ನು ಕೆಂಪು ಶಾಯಿಯಲ್ಲೇ ತಿಳಿಸಿತು. ಕ್ರೀಮು ಬಿಟ್ಟರಾದರೂ ಸರಿಹೋದೀತೆಂದು ಬಿಟ್ಟರೆ ಎರಡನೆಯ ದಿನಕ್ಕೆ ಮುಖ ಊದಿಕೊಂಡಿತು. ಮತ್ತೆ ಹಚ್ಚಿದರೆ ಇಳಿಯಿತು. ಅಲ್ಲಿಗೆ ಅವರು ಸಿಕ್ಕಿಬಿದ್ದರು.

ಒಂದು ಭಾನುವಾರ ಮಧ್ಯಾಹ್ನ ತಡೆಯಲಾರದೆ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ಔಷಧಿ ಅಂಗಡಿಯವನಿಗೆ ಫೋನು ಮಾಡಿದರು. ಅದೇ ಹೊತ್ತಿಗೆ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಂದು ಹಾಸಿಗೆ ಹೊದಿಕೆಯ ಆಚೆ ನಿಂತಿದ್ದಳು. ಅವಳಿಗೆ ಕೇಳಿಸಿದ್ದು ಇಷ್ಟು:

"ನಾನೇ... ಇಲ್ಲ, ಬಿಡೋಕೇ ಆಗ್ತಿಲ್ಲ. ಎರಡು ದಿನ ಬಿಟ್ಟು ನೋಡ್ದೆ, ತಡ್ಕೊಳ್ಳೋಕಾಗ್ಲಿಲ್ಲ, ಮತ್ತೆ ಹಚ್ಕೊಂಡ್ಬಿಟ್ಟೆ... ಆರು ತಿಂಗಳಾಯ್ತಲ್ಲ ಅದನ್ನ ಹಚ್ಕೊಂಡು, ಈಗ ಬಿಡಿ ಅಂದ್ರೆ ಹೇಗೆ?... ಇಲ್ಲ ಇಲ್ಲ, ಮನೇಲಿ ಗೊತ್ತಿಲ್ಲ. ಅವಳು ಮಲಗಿದ ಮೇಲೇನೇ... ಗೊತ್ತಾದ್ರೆ ನಾನು ಮುಖ ತೋರಿಸೋ ಹಾಗಿಲ್ಲ."

ನಮ್ಮ ಭಾಷೆ ಇಂಥ ಕಡೆ ವಿಪರೀತ ಉದಾರಿ. ಕ್ರೀಮನ್ನೂ ಹಚ್ಚಿಕೊಳ್ಳಬಹುದು, ಹೆಣ್ಣನ್ನೂ ಹಚ್ಚಿಕೊಳ್ಳಬಹುದು. 'ಅದು' ಎಂದರೆ ವಸ್ತುವೂ ಹೌದು, ಮುದ್ದಿನ ಹುಡುಗಿಯೂ ಹೌದು. ವ್ಯಾಕರಣ ಬರೆದವರು ಗೃಹಸ್ಥರ ಕಷ್ಟ ಯೋಚಿಸಿರಲಿಲ್ಲ. ಹೆಂಡತಿ ಬಟ್ಟೆಗಳನ್ನು ತಂತಿಯ ಮೇಲೇ ಬಿಟ್ಟು ಕೆಳಗಿಳಿದು ತಮ್ಮನಿಗೆ ಫೋನು ಮಾಡಿದಳು.

ತಮ್ಮನ ವಿಷಯ ಇಲ್ಲಿ ಹೇಳಲೇಬೇಕು. ಅವನದು ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸ. ವಾದಿ ಪ್ರತಿವಾದಿಗಳನ್ನು ಮೂರು ಮೂರು ಸಲ ಕೂಗಿ ಕೂಗಿ ಅವನ ಗಂಟಲು ಅದಕ್ಕೇ ಒಗ್ಗಿಹೋಗಿತ್ತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಮೂರು ಸಲ ಕೇಳುತ್ತಿದ್ದ, ಮೂರನೆಯ ಸಲಕ್ಕೆ ಪಕ್ಕದ ಮನೆಯವರೂ ಉಪ್ಪು ತೆಗೆದುಕೊಂಡು ಹೊರಡುತ್ತಿದ್ದರು. ಅವನು ಬಂದು ಕೂತ ಸ್ವಲ್ಪ ಹೊತ್ತಿಗೆ ಎದುರುಮನೆಯ ನಿವೃತ್ತ ಟೀಚರಮ್ಮನೂ ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲ ಬಳಿ ನಿಂತರು. ಸಕ್ಕರೆ ಕೊಟ್ಟ ಮೇಲೂ ಹೋಗಲಿಲ್ಲ.

"ಭಾವ, ನಂಗೆ ಎಲ್ಲಾ ಗೊತ್ತಾಗಿದೆ. ನೀವು ಫೋನಲ್ಲಿ ಮಾತಾಡಿದ್ದನ್ನ ಅಕ್ಕ ಕೇಳಿಸ್ಕೊಂಡಿದ್ದಾಳೆ. ಹಚ್ಕೊಂಡಿದ್ದೀರೋ ಇಲ್ವೋ? ಹಚ್ಕೊಂಡಿದ್ದೀರೋ ಇಲ್ವೋ? ಹಚ್ಕೊಂಡಿದ್ದೀರೋ ಇಲ್ವೋ?"

ಕನ್ನಡಿಯವರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಟ್ಯೂಬಿನ ಸಮಾಚಾರ ಬಯಲಾಯಿತೆಂದೇ ತಿಳಿದು ತಲೆತಗ್ಗಿಸಿದರು. "ಹೌದಪ್ಪ, ಹಚ್ಕೊಂಡಿದ್ದೀನಿ. ಸ್ವಲ್ಪ ಮೆಲ್ಲಗೆ ಮಾತಾಡು."

"ಈ ವಯಸ್ಸಲ್ಲಿ?"

"ವಯಸ್ಸಾಯ್ತಲ್ಲ ಅಂತಾನೇ ಹಚ್ಕೊಂಡಿದ್ದು."

ಬಾಗಿಲ ಬಳಿ ಸಕ್ಕರೆಯ ಲೋಟ ಅಲುಗಾಡಿತು.

"ಎಲ್ಲಿ ಸಿಕ್ತು?"

"ಬಸ್ ನಿಲ್ದಾಣದ ಹತ್ರ. ಔಷಧಿ ಅಂಗಡಿಯವನು ತೋರಿಸ್ದ. ಎಲ್ಲರೂ ಹಚ್ಕೊಳ್ತಾರೆ, ಅನುಮಾನ ಬೇಡ ಅಂದ."

"ಎಲ್ಲರೂ!" ಎಂದ ಭಾವಮೈದುನ. ಇದನ್ನು ಮೂರು ಸಲ ಹೇಳಲು ಅವನಿಗೂ ಧೈರ್ಯ ಬರಲಿಲ್ಲ. "ಅದೂ ಈ ಮನೆಯೊಳಗೇ?"

"ಬಚ್ಚಲುಮನೇಲಿ. ದೀಪ ಕೂಡ ಹಾಕ್ತಿರ್ಲಿಲ್ಲ."

ಹೆಂಡತಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಭಾವಮೈದುನ ಎದ್ದು ನಿಂತ. "ಭಾವ, ಇವತ್ತೇ ಬಿಟ್ಬಿಡಿ. ನಾನು ಹೇಳ್ತಿದ್ದೀನಿ, ಬಿಟ್ಬಿಡಿ, ಬಿಟ್ಬಿಡಿ!"

"ಬಿಟ್ರೆ ಗುಳ್ಳೆ ಏಳುತ್ತೆ ಕಣಪ್ಪ. ನೋಡಿಲ್ಲಿ ಬಾಯಿ ಸುತ್ತ."

ಭಾವಮೈದುನ ತನ್ನ ಕುರ್ಚಿಯನ್ನು ಮೆಲ್ಲಗೆ ಗೋಡೆಯ ಕಡೆಗೆ ಸರಿಸಿಕೊಂಡ. ಭಾವನ ಲೋಟದಲ್ಲಿ ತಾನು ನೀರು ಕುಡಿದದ್ದು ನೆನಪಾಗಿ ಬಾಯಿ ಒರೆಸಿಕೊಂಡ. ಆಗ ಟೀಚರಮ್ಮ, ತರಗತಿಯ ಹಿಂದಿನ ಬೆಂಚಿಗೆ ಪ್ರಶ್ನೆ ಹಾಕುವ ಧಾಟಿಯಲ್ಲಿ ಕೇಳಿದರು. "ಆ ಹೆಂಗಸಿಗೆ ಗಂಡ ಮಕ್ಕಳು ಇದ್ದಾರೇನ್ರಿ?"

ಹೆಂಗಸು! ಕನ್ನಡಿಯವರಿಗೆ ಆಗ ಅರ್ಥವಾಯಿತು.

ಯಾವ ಬುದ್ಧಿವಂತನೇ ಆಗಲಿ ಆಗಲೇ "ಅಯ್ಯೋ, ಹೆಂಗಸಲ್ಲ, ಕ್ರೀಮು" ಎಂದುಬಿಡುತ್ತಿದ್ದ. ಕನ್ನಡಿಯವರೂ ಬಾಯಿ ತೆರೆದರು. ಆದರೆ ತೆರೆದ ಬಾಯಿಯ ಮುಂದೆ ಭಾವಮೈದುನನ ಗಂಟಲಿತ್ತು, ಟೀಚರಮ್ಮನ ಕಿವಿಯಿತ್ತು. ನಡುವಯಸ್ಸಿನ ಗಂಡಸು, ಕತ್ತಲಲ್ಲಿ ಕೂತು ಬೆಳ್ಳಗಾಗುವ ಕ್ರೀಮು ಬಳಿದುಕೊಳ್ಳುತ್ತಿದ್ದ ಎಂಬುದು ಬೀದಿಯ ತುಂಬ ಮೂರು ಮೂರು ಸಲ ಮೊಳಗುವುದನ್ನು ನೆನೆದು ಅವರ ನಾಲಗೆ ಒಣಗಿತು. ಜೊತೆಗೆ ಇನ್ನೊಂದು ನಾಚಿಕೆಗೇಡಿನ ಸಂಗತಿ, ಅದನ್ನೂ ಹೇಳಿಬಿಡಬೇಕು. ಹುಟ್ಟಿದಾಗಿನಿಂದ ಯಾರೂ ಅವರ ಮೇಲೆ ಯಾವ ಅನುಮಾನವನ್ನೂ ಪಟ್ಟಿರಲಿಲ್ಲ. ಈ ಮನುಷ್ಯನೂ ಏನಾದರೂ ಮಾಡಿಯಾನು ಎಂದು ಇಬ್ಬರು ಒಟ್ಟಿಗೆ ನಂಬಿದ್ದು ಇದೇ ಮೊದಲು. ಕನ್ನಡಿಯವರು ತೆರೆದ ಬಾಯಿ ಮುಚ್ಚಿದರು. ಮುಖ ಮಾತ್ರ ಕೆಂಡವಾಯಿತು.

"ನೋಡಿ, ಮುಖಾನೇ ಒಪ್ಕೊಳ್ತಿದೆ" ಎಂದರು ಟೀಚರಮ್ಮ.

ಭಾವಮೈದುನ ತೀರ್ಪು ಕೊಟ್ಟ. ಗುರುವಾರ ಡಾಕ್ಟರಿಗೆ ತೋರಿಸುವುದು, ಮೊದಲು ರೋಗದ ವಿಚಾರಣೆ, ಆಮೇಲೆ ಹೆಂಗಸಿನದು. ಹೆಂಡತಿ ಒಳಗಿನಿಂದಲೇ ಒಂದು ಮಾತು ಸೇರಿಸಿದಳು. "ಡಾಕ್ಟರು ಏನಂತಾರೋ ಕೇಳ್ಕೊಂಡು ನಾನು ನಿನ್ನ ಜೊತೆ ಬಂದ್ಬಿಡ್ತೀನಿ ಕಣೋ. ಇಲ್ಲಿ ಇರಲ್ಲ."

ಸುದ್ದಿ ಅಂಗಡಿಗೆ ಕನ್ನಡಿಯವರಿಗಿಂತ ಮೊದಲೇ ತಲುಪಿತ್ತು. ಗಾಜು ಕತ್ತರಿಸುವವನು, ಇಷ್ಟು ವರ್ಷ ತಲೆಯೆತ್ತಿ ನೋಡದವನು, ಎದ್ದು ನಿಂತು ನಮಸ್ಕಾರ ಮಾಡಿದ. ಮಾಲೀಕರು ಒಳಗೆ ಕರೆದರು. "ಸಂಜೆಯಾದ್ರೆ ನಿಮ್ಮ ಮುಖ ಕೆಂಪಾಗೋದು ನೋಡಿ ಕುಡಿತ ಅಂದ್ಕೊಂಡಿದ್ದೆ. ಸದ್ಯ, ಅದಲ್ವಲ್ಲ" ಎಂದು ನಿಟ್ಟುಸಿರುಬಿಟ್ಟು, "ನಿಮ್ಮ ಸ್ವಂತ ವಿಷಯ, ನಾನು ಬಾಯಿ ಹಾಕಲ್ಲ. ಆದ್ರೆ ಗಿರಾಕಿ ಕನ್ನಡಿ ನೋಡೋವಾಗ ಹಿಂದೆ ನಿಮ್ಮ ಮುಖ ಕಂಡು ಬೆಚ್ಚಿಬೀಳ್ತಾರೆ. ಆ ನಿಲುವುಗನ್ನಡೀನ ಮೊನ್ನೆ ಒಬ್ರು ಗಾಜೇ ಕೆಂಪಗಿದೆ ಅಂತ ಬೇಡ ಅಂದ್ಬಿಟ್ರು. ಸ್ವಲ್ಪ ದಿನ ಮಂಜುಗಾಜಿನ ಕಡೆ ಇರಿ" ಎಂದರು. ಬಚ್ಚಲುಮನೆಯ ಕಿಟಕಿಗೆ ಹಾಕುವ, ಆಚೆಯದು ಏನೂ ಕಾಣದ ಗಾಜುಗಳ ನಡುವೆ ಕನ್ನಡಿಯವರು ದಿನವಿಡೀ ನಿಂತರು. ಮೊದಲ ದಿನ ಒಂದು ತೆರನ ಹೆಮ್ಮೆಯೂ ಇತ್ತೆನ್ನಿ. ಗಾಜು ಕತ್ತರಿಸುವವನು ಮಧ್ಯಾಹ್ನ ಬಂದು, "ನಮಗೂ ಒಂದು ಮಾತು ಹೇಳಿಕೊಡಿ ಸಾರ್" ಎಂದಾಗ ಅವರು ಅನುಭವಿಯಂತೆ ತಲೆಯಾಡಿಸಿದರು.

ಹೆಮ್ಮೆ ಒಂದೇ ದಿನಕ್ಕೆ ಮುಗಿಯಿತು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿದ್ದಳು. ತಟ್ಟೆ ತಂದಿಡುತ್ತಿದ್ದಳು, ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಕೋಣೆಯ ಮೂಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಕೂತಿತ್ತು, ದಿನಕ್ಕಿಷ್ಟು ಬಟ್ಟೆ ಅದರೊಳಗೆ ಸೇರುತ್ತಿತ್ತು. ರಾತ್ರಿ ಹಜಾರದಲ್ಲಿ ಮಲಗಿದ ಕನ್ನಡಿಯವರಿಗೆ ಗೋಡೆಯಾಚೆ ಅವಳು ಅಳುವುದು ಕೇಳಿಸುತ್ತಿತ್ತು. ಹೋಗಿ ಹೇಳಿಬಿಡಬೇಕೆಂದು ಏಳುತ್ತಿದ್ದರು. ಬಾಗಿಲವರೆಗೆ ಹೋಗುತ್ತಿದ್ದರು. ಅವಳು ಮೇಜು ಹಿಡಿದು ನಕ್ಕ ಆ ನಗು ಕಿವಿಯಲ್ಲಿ ಮೊಳಗುತ್ತಿತ್ತು. ವಾಪಸು ಬಂದು ಮಲಗುತ್ತಿದ್ದರು. ಇದಕ್ಕಿಂತ ನಾಚಿಕೆಪಡುವಂಥದ್ದನ್ನು ಅವರು ಜೀವನದಲ್ಲಿ ಮಾಡಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಗುರುವಾರ ಮೂವರೂ ಡಾಕ್ಟರ ಬಳಿಗೆ ಹೋದರು. ಹೊರಗಿನ ಫಲಕವನ್ನು ಭಾವಮೈದುನ ರೂಢಿಯಂತೆ ಓದಿದ. "ಚರ್ಮ, ಕೂದಲು ಮತ್ತು ಗುಪ್ತರೋಗ! ಗುಪ್ತರೋಗ! ಗುಪ್ತರೋಗ!" ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಕನ್ನಡಿಯವರಿಗೆ ಒಂದಿಡೀ ಬೆಂಚು ಬಿಟ್ಟುಕೊಟ್ಟರು.

ಡಾಕ್ಟರು ದಪ್ಪ ಕನ್ನಡಕದ, ಅವಸರವಿಲ್ಲದ ಹೆಂಗಸು. ಭಾವಮೈದುನ ಗಂಟಲು ಸರಿಮಾಡಿಕೊಂಡು ಪೀಠಿಕೆ ಹಾಕುವಷ್ಟರಲ್ಲಿ ಅವರು ದೀಪ ಹತ್ತಿಸಿ, ಭೂತಗನ್ನಡಿ ಹಿಡಿದು ಕನ್ನಡಿಯವರ ಕೆನ್ನೆ ನೋಡಿ ಮುಗಿಸಿದ್ದರು.

"ಎಷ್ಟು ತಿಂಗಳಿಂದ ಹಚ್ತಿದ್ದೀರಿ?"

ಕನ್ನಡಿಯವರು ನೆಲ ನೋಡಿದರು. "ಆರು."

"ಏನನ್ನ ಡಾಕ್ಟ್ರೇ?" ಎಂದು ಹೆಂಡತಿ ಕೇಳಿದಳು.

"ಬೆಳ್ಳಗಾಗೋ ಕ್ರೀಮು ಕಣಮ್ಮ. ಒಳಗಡೆ ಸ್ಟೀರಾಯ್ಡ್ ಇರುತ್ತೆ. ಮೊದಮೊದಲು ಮುಖ ಹೊಳೆಯುತ್ತೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತೆ, ಉರಿಯುತ್ತೆ, ಹೀಗೆ ಗುಳ್ಳೆ ಬರುತ್ತೆ. ಬಿಟ್ರೆ ಇನ್ನೂ ಕೆರಳುತ್ತೆ. ಅದಕ್ಕೆ ಹೆದರಿ ಮತ್ತೆ ಹಚ್ತಾರೆ. ವಾರಕ್ಕೆ ಹತ್ತು ಜನ ಬರ್ತಾರೆ ಹೀಗೆ. ಇದು ಯಾರಿಗೂ ಅಂಟಲ್ಲ."

"ಹಾಗಾದ್ರೆ ಹೆಂಗಸು?" ಎಂದ ಭಾವಮೈದುನ.

"ಯಾವ ಹೆಂಗಸು?" ಎಂದರು ಡಾಕ್ಟರು.

ಭಾವಮೈದುನ ಭಾವನನ್ನು ನೋಡಿದ. ಭಾವ ತಲೆ ಅಡ್ಡಡ್ಡ ಆಡಿಸಿದರು. ಅವನ ಕಣ್ಣು ಅಗಲವಾಯಿತು, ಎದೆ ಉಬ್ಬಿತು, ಮುಂದಾಗುವುದನ್ನು ತಡೆಯಲು ಯಾರಿಂದಲೂ ಸಾಧ್ಯವಿರಲಿಲ್ಲ. "ಬೆಳ್ಳಗಾಗೋ ಕ್ರೀಮಾ? ಬೆಳ್ಳಗಾಗೋ ಕ್ರೀಮಾ? ಬೆಳ್ಳಗಾಗೋ ಕ್ರೀಮಾ?" ಹೊರಗಿನ ಬೆಂಚುಗಳಿಂದ ನಗು ಒಂದು ಅಲೆಯಾಗಿ ಬಂತು. ಒಬ್ಬ ದಢೂತಿ ಗಂಡಸು ಮಾತ್ರ ನಗದೆ, ಕರವಸ್ತ್ರದಿಂದ ಎರಡೂ ಕೆನ್ನೆ ಮುಚ್ಚಿಕೊಂಡು ಎದ್ದುಹೋದ.

ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಆ ಟ್ಯೂಬು ಇಂದೇ ಕಸಕ್ಕೆ. ಇನ್ನು ಕೆಲವು ವಾರ ಮುಖ ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿಯಾಗಿ ಹಳೆಯದಕ್ಕೆ ಹೋಗಬಾರದು. ನುಂಗಲು ಮಾತ್ರೆ, ಹಚ್ಚಲು ಬೇರೆ ಮುಲಾಮು, ಅದೂ ಬಲು ತೆಳುವಾಗಿ. ಉಗುರುಬೆಚ್ಚನೆಯ ನೀರು, ತಿಕ್ಕಬಾರದು. ಹೊರಗೆ ಹೊರಟರೆ ಬಿಸಿಲು ತಡೆಯುವ ಲೇಪ. ಚಹಾ ಆರಿಸಿ ಕುಡಿಯಬೇಕು. ನಿಂಬೆಹಣ್ಣು, ಟೂತ್‌ಪೇಸ್ಟ್, ಹಬೆ ಯಾವುದೂ ಇಲ್ಲ. "ಟೂತ್‌ಪೇಸ್ಟ್ ಹಲ್ಲಿಗೆ" ಎಂದರು ಡಾಕ್ಟರು.

ಭಾವಮೈದುನ ದಾರಿಯುದ್ದಕ್ಕೂ ನಕ್ಕ. ಹೆಂಡತಿ ನಗಲಿಲ್ಲ. ಮನೆಗೆ ಬಂದವಳು ಸೂಟ್‌ಕೇಸಿನ ಮುಂದೆ ಬಹಳ ಹೊತ್ತು ಕೂತಿದ್ದಳು. ತಮ್ಮನನ್ನು ಒಬ್ಬನನ್ನೇ ಕಳಿಸಿದಳು, ಆದರೆ ಸೂಟ್‌ಕೇಸಿನಿಂದ ಬಟ್ಟೆ ತೆಗೆದಿಡಲಿಲ್ಲ.

ಬೀದಿಯವರು ಕ್ರೀಮಿನ ಕಥೆಯನ್ನು ನಂಬಲೇ ಇಲ್ಲ ಎಂಬುದು ಬೇರೆ ಮಾತು. "ಪಾಪ, ಮರ್ಯಾದೆ ಉಳಿಸ್ಕೊಳ್ಳೋಕೆ ಎಂಥ ಸುಳ್ಳು ಕಟ್ಟಿದ್ದಾರೆ ನೋಡಿ" ಎಂದರು ಟೀಚರಮ್ಮ. "ಅಷ್ಟು ವಯಸ್ಸಿನ ಗಂಡಸು ಕ್ರೀಮು ಹಚ್ಕೊಳ್ತಾರಾ ಎಲ್ಲಾದ್ರೂ?"

ಮುಖ ಡಾಕ್ಟರು ಹೇಳಿದಂತೆಯೇ ಕೆರಳಿತು. ಕಣ್ಣಿನ ಕೆಳಗೆ ಊದಿಕೊಂಡಿತು, ಕೆನ್ನೆಯ ಸಿಪ್ಪೆ ಏಳತೊಡಗಿತು. ಕನ್ನಡಿಯವರು ಮಂಜುಗಾಜಿನ ಹಿಂದೆ ನಿಂತರು, ಮನೆಯಲ್ಲಿ ದಿನಪತ್ರಿಕೆಯ ಹಿಂದೆ ಕೂತರು. ಅದೇ ಪತ್ರಿಕೆಯನ್ನು ಬೆಳಗ್ಗೆ ಸಂಜೆ ಓದಿದರು. ಹೆಂಡತಿ ಆರಿಸಿದ ಚಹಾ ತಂದಿಟ್ಟು ಹೋಗುತ್ತಿದ್ದಳು, ಮಾತಿಲ್ಲ.

ಒಂದು ಬೆಳಗ್ಗೆ ಅವರು ಬಚ್ಚಲುಮನೆಯಲ್ಲಿ ಮುಲಾಮು ಹಚ್ಚಿಕೊಂಡು ಹೊರಬಂದಾಗ ಅವಳು ಪತ್ರಿಕೆ ಕಿತ್ತುಕೊಂಡಳು.

"ಡಾಕ್ಟರು ತೆಳ್ಳಗೆ ಅಂದ್ರು. ನೀವು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದೀರ. ಕೂತ್ಕೊಳ್ಳಿ. ಮುಖ ಎತ್ತಿ."

ಕನ್ನಡಿಯವರು ಕೂತರು. ಅವಳು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಎಲ್ಲ ತೆಗೆದು, ದಾರ ಪೋಣಿಸುವ ಕನ್ನಡಕ ಹಾಕಿಕೊಂಡು, ಬೆರಳ ತುದಿಗೆ ಕಾಳಿನಷ್ಟು ಮುಲಾಮು ತೆಗೆದುಕೊಂಡು ಎಡಗೆನ್ನೆಗೆ ಹಚ್ಚತೊಡಗಿದಳು. ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ಅವಳು ತಮ್ಮ ಮುಖ ನೋಡಿ ಎಷ್ಟು ವರ್ಷವಾಗಿತ್ತೋ. ಅವರು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡರು.

"ಕ್ಷಮಿಸಿದೀನಿ ಅಂದ್ಕೋಬೇಡಿ" ಎಂದಳು ಹೆಂಡತಿ. "ನೀವು ಏನು ಹಚ್ಕೊಂಡ್ರೂ ನಂಗೆ ಬೇಜಾರಿಲ್ಲ. ಬೆಳ್ಳಗಾಗಿ, ನೀಲಿಯಾಗಿ, ಏನಾದ್ರೂ ಆಗಿ. ಒಂದೇ ಒಂದು ಕೇಳ್ತೀನಿ. ಆ ನಾಲ್ಕು ರಾತ್ರಿ ನಾನು ಅಳ್ತಿದ್ದೆ. ನೀವು ಗೋಡೆಯಾಚೆ ಇದ್ರಿ. ನಿಮಗೆ ಕೇಳಿಸ್ತಿತ್ತಾ?"

ನಿದ್ದೆ ಬಂದಿತ್ತು ಎಂದು ಹೇಳಬಹುದಿತ್ತು. ಬಹಳ ಸುಲಭವಾದ ಸುಳ್ಳು, ನಂಬುವಂಥದ್ದು, ಅವರ ಗೊರಕೆ ಬೀದಿಗೇ ಗೊತ್ತು. ಕನ್ನಡಿಯವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಕೇಳಿಸ್ತಿತ್ತು" ಎಂದರು. "ಎದ್ದು ಬಾಗಿಲ ತನಕ ಬರ್ತಿದ್ದೆ. ನೀನು ನಗ್ತೀಯ ಅಂತ ಹೆದರಿ ವಾಪಸ್ ಹೋಗ್ತಿದ್ದೆ."

ಬೆರಳು ಕೆನ್ನೆಯ ಮೇಲೆ ನಿಂತುಬಿಟ್ಟಿತು. ಇನ್ನು ಅವಳು ಎದ್ದು ಹೋಗುತ್ತಾಳೆ, ಸೂಟ್‌ಕೇಸು ಮುಚ್ಚುತ್ತಾಳೆ, ತಾನು ಅರ್ಧ ಮುಖಕ್ಕೆ ಮಾತ್ರ ಮುಲಾಮು ಹಚ್ಚಿಕೊಂಡು ಅಂಗಡಿಗೆ ಹೋಗಬೇಕು ಎಂದುಕೊಂಡರು ಕನ್ನಡಿಯವರು. ಕಣ್ಣಿನಿಂದ ನೀರು ಇಳಿಯಿತು. ಅದು ಹೋದ ದಾರಿಯೆಲ್ಲ ಉರಿಯಿತು.

"ಅಳಬೇಡಿ, ಹಚ್ಚಿದ್ದೆಲ್ಲಾ ತೊಳೆದುಹೋಗುತ್ತೆ" ಎಂದಳು ಹೆಂಡತಿ. ಬಟ್ಟೆಯ ತುದಿಯಿಂದ ಅವರ ಕೆನ್ನೆ ಒತ್ತಿದಳು, ಆಮೇಲೆ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಹೂಂ, ಈಗ ಆ ಕಡೆ ತಿರುಗಿ" ಎಂದಳು.